ಹಾರ್ನಿಗೆ 9.2 ವೋಲ್ಟ್: ಹಳೆಯ ಮಾರುತಿ 800ಕ್ಕೆ ರಿಲೇ ಕೂರಿಸಿದ ಲೆಕ್ಕ

ಕಾರು ಮಾರುತಿ 800, ಕೆಎಲ್ 14 ನೋಂದಣಿಯದು. ನಿಲ್ಲುವುದು ಪೆರ್ಲದ ಹತ್ತಿರ ಅಡಿಕೆ ತೋಟದ ತಲೆಯಲ್ಲಿರುವ ಶೆಡ್ಡಿನಲ್ಲಿ. ಶೆಡ್ಡಿಗೆ ಮಾಡು ಇದೆ, ಮೂರು ಕಡೆ ಗೋಡೆಯಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಕಾಸರಗೋಡಿನಲ್ಲಿ ಹಾಗೆ ನಿಂತ ಕಾರಿನ ವಯರುಗಳಿಗೆ ಏನಾಗುತ್ತದೆ ಎಂದು ಇಲ್ಲಿನವರಿಗೆ ವಿವರಿಸಬೇಕಾಗಿಲ್ಲ. ಗುಂಡಿ ಒತ್ತಿದರೆ ಹಾರ್ನಿನಿಂದ ಸ್ವರ ಹೊರಡುತ್ತಿತ್ತು, ಆದರೆ ಕೇಳಬೇಕಾದವರಿಗೆ ಕೇಳುತ್ತಿರಲಿಲ್ಲ.

ಹೆದ್ದಾರಿಯಲ್ಲಾದರೆ ಹಾರ್ನ್ ಇಲ್ಲದೆಯೂ ನಡೆಯುತ್ತದೆ, ಇಲ್ಲದಿದ್ದರೆ ಊರಿಗೇ ಉಪಕಾರ. ಪೆರ್ಲದಿಂದ ಸ್ವರ್ಗ ಎಂಬ ಊರು, ಪಾಣಾಜೆಯ ಮೇಲೆ ಪುತ್ತೂರಿಗೆ ಹೋಗುವ ದಾರಿಯ ಮಾತು ಬೇರೆ. ಒಂದು ಬದಿಗೆ ಮುರಕಲ್ಲಿನ ಬರೆ, ಇನ್ನೊಂದು ಬದಿಗೆ ತೋಟದ ಇಳಿಜಾರು, ನಡುವೆ ತಿರುವಿನ ಮೇಲೆ ತಿರುವು. ಎದುರಿನಿಂದ ಬರುವ ಬಸ್ಸಿಗೆ ನಾನಿದ್ದೇನೆಂದು ತಿಳಿಸಲು ಹಗಲಿನಲ್ಲಿ ಬೇರೆ ಉಪಾಯವಿಲ್ಲ.

ಅಂಗಡಿಯಲ್ಲಿ ಸಿಕ್ಕ ಸಲಹೆ, ಹೊಸ ಹಾರ್ನ್ ಜೋಡಿ ಹಾಕಿಸಿ ಎಂಬುದು. ಬೆಲೆ 850 ರೂಪಾಯಿ, ಕೂರಿಸುವ ಕೂಲಿ ಬೇರೆ. ಹಾರ್ನ್ ಕೆಟ್ಟಿದೆಯೇ ಎಂದು ಯಾರೂ ಪರೀಕ್ಷಿಸಲಿಲ್ಲ. ಕೊಳ್ಳುವ ಮೊದಲು ಅಳೆದು ನೋಡೋಣವೆಂದು ಮನೆಗೆ ಬಂದೆ.

ಹಂತ 1: ಅಳತೆ

ಬೇಕಾದದ್ದು 350 ರೂಪಾಯಿಯ ಸಾಧಾರಣ ಮಲ್ಟಿಮೀಟರ್ ಮತ್ತು ಒಳಗೆ ಕುಳಿತು ಗುಂಡಿ ಒತ್ತಲು ಒಬ್ಬರು. ಭಾವ ಒಪ್ಪಿದ. ಎಂಜಿನ್ ಆರಿಸಿಯೇ ಅಳೆದೆವು.

ಮೊದಲು ಹಾರ್ನಿನ ಎರಡು ವಯರುಗಳ ಗುಣ ತಿಳಿಯಬೇಕು. ಕನೆಕ್ಟರ್ ಬಿಚ್ಚಿ ನೋಡಿದರೆ ಒಂದು ವಯರಿನಲ್ಲಿ ಗುಂಡಿ ಒತ್ತದಿದ್ದಾಗಲೂ 12.5 ವೋಲ್ಟ್ ಇತ್ತು. ಇನ್ನೊಂದು ವಯರ್ ಗುಂಡಿ ಒತ್ತಿದಾಗ ಮಾತ್ರ ಬಾಡಿಗೆ, ಅಂದರೆ ಬ್ಯಾಟರಿಯ ಮೈನಸ್ ಸೇರಿರುವ ಕಾರಿನ ಲೋಹದ ಮೈಗೆ, ತಾಗುತ್ತಿತ್ತು. ಅಂದರೆ ಹಾರ್ನಿಗೆ ಪ್ಲಸ್ ಸದಾ ಇರುತ್ತದೆ, ಸ್ಟಿಯರಿಂಗಿನ ಗುಂಡಿ ಮೈನಸ್ ಕೊಡುತ್ತದೆ. ಗುಂಡಿಯ ಸಣ್ಣ ಕರೆಂಟಿನಿಂದ ಚಾಲೂ ಆಗಿ ಬ್ಯಾಟರಿಯ ದೊಡ್ಡ ಕರೆಂಟನ್ನು ನೇರ ಹಾರ್ನಿಗೆ ಕೊಡುವ ಸ್ವಿಚ್ಚೇ ರಿಲೇ. ಅದರ ಜೋಡಣೆ ಇದನ್ನೇ ಅವಲಂಬಿಸಿರುವುದರಿಂದ ಇಷ್ಟನ್ನು ಖಚಿತ ಮಾಡಿಕೊಳ್ಳದೆ ಮುಂದೆ ಹೋಗಬಾರದು.

ಕನೆಕ್ಟರ್ ಮರಳಿ ಹಾಕಿ, ಹಾರ್ನ್ ಕೂಗುತ್ತಿರುವಾಗಲೇ ಅಳೆದ ಅಂಕಿಗಳು ಇವು. ಬ್ಯಾಟರಿಯ ಎರಡು ತುದಿಗಳ ನಡುವೆ 12.4. ಹಾರ್ನಿನ ಎರಡು ತುದಿಗಳ ನಡುವೆ 9.2. ಬ್ಯಾಟರಿಯ ಪ್ಲಸ್‌ನಿಂದ ಹಾರ್ನಿನ ಪ್ಲಸ್‌ವರೆಗೆ 1.9. ಹಾರ್ನಿನ ಮೈನಸ್‌ನಿಂದ ಬ್ಯಾಟರಿಯ ಮೈನಸ್‌ವರೆಗೆ 1.3. ಕೂಡಿಸಿದರೆ 12.4 ಸರಿಯಾಗಿ ಬರುತ್ತದೆ. ಹೋಗುವ ದಾರಿಯಲ್ಲಿ 1.9, ಬರುವ ದಾರಿಯಲ್ಲಿ 1.3 ಸೋರಿಹೋಗುತ್ತಿತ್ತು.

ಕೂಗದಿರುವಾಗ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ‘ಕರೆಂಟ್ ಬರುತ್ತಿದೆ, ಹಾರ್ನೇ ಹೋಗಿದೆ’ ಎಂಬ ತೀರ್ಪು ಹುಟ್ಟುವುದು ಹೀಗೆ.

ಹಂತ 2: ಹಾರ್ನನ್ನು ನೇರವಾಗಿ ಬ್ಯಾಟರಿಗೆ

ಗ್ರಿಲ್ ಬಿಚ್ಚಿ, ಹಾರ್ನ್ ಕಳಚಿ, ದಪ್ಪ ವಯರಿನ ಎರಡು ತುಂಡುಗಳಿಂದ ಬ್ಯಾಟರಿಗೇ ತಾಗಿಸಿದೆವು. ಅಂಗಳದಲ್ಲಿ ಅಡಿಕೆ ಹರಡುತ್ತಿದ್ದವರು ತಲೆಯೆತ್ತಿ ನೋಡಿದರು. ಹಾರ್ನಿನಲ್ಲಿ ಯಾವ ದೋಷವೂ ಇರಲಿಲ್ಲ. ಮೀಟರನ್ನು 10 ಆಂಪಿಯರ್ ಕಿಂಡಿಗೆ ಬದಲಿಸಿ ಒಂದು ಕ್ಷಣ ಅಳೆದರೆ 3.8 ಆಂಪಿಯರ್ ಎಳೆಯುತ್ತಿತ್ತು.

ಹಾರ್ನಿನ ಬೆನ್ನಿಗೆ ಒಂದು ಸಣ್ಣ ಸ್ಕ್ರೂ ಇರುತ್ತದೆ, ಸ್ವರ ಸರಿಪಡಿಸಲು. ಹಿಂದೆ ಯಾರೋ ಮೆಕ್ಯಾನಿಕ್ ಅದನ್ನು ತಿರುವಿದ್ದ ಗುರುತು ಕಂಡಿತು. ಸ್ಕ್ರೂವಿನ ಮೇಲಿನ ಬಣ್ಣ ಒಡೆದಿತ್ತು. ಕಡಿಮೆ ವೋಲ್ಟೇಜಿನಲ್ಲಿ ಆ ಸ್ಕ್ರೂ ತಿರುವಿದರೆ ಸ್ವರ ಕೊಂಚ ಸುಧಾರಿಸಿದಂತೆ ಕೇಳುತ್ತದೆ, ನಿಜ. ಆದರೆ ಅದು 9 ವೋಲ್ಟಿಗೆ ಹೊಂದಿಸಿದ ಸ್ವರ. ಪೂರ್ತಿ 12 ವೋಲ್ಟ್ ಸಿಕ್ಕಾಗ ಅದೇ ಹಾರ್ನ್ ಒಡಕು ದನಿ ತೆಗೆಯುತ್ತದೆ. ಹಾಗಾಗಿ ವಯರಿಂಗ್ ಮುಗಿಯುವವರೆಗೆ ಆ ಸ್ಕ್ರೂ ಮುಟ್ಟಬಾರದು. ನಾನು ಎಲ್ಲ ಮುಗಿದ ಮೇಲೆ ಕಾಲು ಸುತ್ತಿನಷ್ಟು ತಿರುವಿ, ಉಗುರುಬಣ್ಣ ಹಚ್ಚಿ ಮುಚ್ಚಿದೆ. ಉಗುರುಬಣ್ಣದ ಖರ್ಚನ್ನು ಲೆಕ್ಕಕ್ಕೆ ಹಿಡಿದಿಲ್ಲ, ಅದು ಮಗಳದ್ದು.

ಹಂತ 3: ಸಿದ್ಧ ಕಿಟ್, 280 ರೂಪಾಯಿ, ನಷ್ಟ

ಅಂಗಡಿಯಲ್ಲಿ ರಿಲೇ, ವಯರ್, ಫ್ಯೂಸ್ ಎಲ್ಲ ಜೋಡಿಸಿಟ್ಟ ಕಿಟ್ ಸಿಗುತ್ತದೆ. ಕೆಲಸ ಬೇಗ ಮುಗಿಯಲೆಂದು ಅದನ್ನೇ ತಂದು ಹಾಕಿದ್ದಾಯಿತು. ಹಾರ್ನಿಗೆ ಸಿಕ್ಕಿದ್ದು 10.4 ವೋಲ್ಟ್. ಮೊದಲಿಗಿಂತ ವಾಸಿ, ಆದರೆ ಇಷ್ಟಕ್ಕೆ ಇಷ್ಟು ಶ್ರಮವೇ ಎನ್ನುವಷ್ಟು ಕಡಿಮೆ. ಪ್ಲಸ್ ಬದಿಯಲ್ಲೇ 0.9 ವೋಲ್ಟ್ ಹೋಗುತ್ತಿತ್ತು.

ವಯರನ್ನು ಕತ್ತರಿಸಿ ನೋಡಿದರೆ ಹೊರಗಿನ ಪ್ಲಾಸ್ಟಿಕ್ ದಪ್ಪ, ಒಳಗಿನ ಎಳೆಗಳು ಬೆರಳೆಣಿಕೆಯವು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬಿಳಿ ಲೋಹ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ವಯರ್ ಕೊಳ್ಳುವಾಗ ಈ ಕೆರೆತದ ಪರೀಕ್ಷೆಯನ್ನು ಅಂಗಡಿಯ ಮೇಜಿನ ಮೇಲೆಯೇ ಮಾಡಬೇಕು, ಅಂಗಡಿಯವರ ಮುಖ ನೋಡಬಾರದು.

ಕಿಟ್ಟಿನಲ್ಲಿದ್ದ ರಿಲೇ ಮಾತ್ರ ಸರಿಯಿತ್ತು. ಅದನ್ನು ತೆಗೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹೆಚ್ಚುವರಿಯಾಗಿ ಇಟ್ಟಿದ್ದೇನೆ.

ಹಂತ 4: ಸಾಮಾನು ಮತ್ತು ಖರ್ಚು

12 ವೋಲ್ಟ್, 40 ಆಂಪಿಯರಿನ ಐದು ಕಾಲಿನ ರಿಲೇ 140 ರೂಪಾಯಿ. ಅದು ಕೂರುವ ಬೇಸ್ 70. ಬ್ಲೇಡ್ ಫ್ಯೂಸಿನ ಹೋಲ್ಡರ್ 50. 15 ಆಂಪಿಯರಿನ ಮೂರು ಫ್ಯೂಸ್ 30. 2.5 ಚದರ ಮಿಲಿಮೀಟರಿನ ತಾಮ್ರದ ವಯರ್ 4 ಮೀಟರ್, 160. 1 ಚದರ ಮಿಲಿಮೀಟರಿನದು 3 ಮೀಟರ್, 60. ವಯರಿನ ತುದಿಗೆ ಒತ್ತಿ ಕೂರಿಸುವ ಲೋಹದ ಲಗ್ಗುಗಳು 60. ಬಿಸಿಗೆ ಕುಗ್ಗುವ ಸ್ಲೀವ್ ಮತ್ತು ವಯರಿನ ಮೇಲೆ ಹಾಕುವ ಸುರುಳಿ ಪೈಪ್ 90. ಒಟ್ಟು 660.

ರಿಲೇ ಕೊಳ್ಳುವಾಗ ಅದರ ಮೈಮೇಲಿನ ಚಿತ್ರ ನೋಡಬೇಕು. ಕೆಲವು ರಿಲೇಗಳ ಕಾಯಿಲಿಗೆ, ಅಂದರೆ ಸ್ವಿಚ್ಚನ್ನು ಎಳೆಯುವ ತಂತಿಸುರುಳಿಗೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಒಳಗೇ ಇರುತ್ತದೆ. ಅಂಥದ್ದರಲ್ಲಿ 86 ನಂಬರಿನ ಕಾಲಿಗೆ ಪ್ಲಸ್, 85 ನಂಬರಿನದಕ್ಕೆ ಮೈನಸ್ ಎಂಬ ನಿಯಮ ತಪ್ಪಿದರೆ ಫ್ಯೂಸ್ ಹಾರುತ್ತದೆ. ಡಯೋಡ್ ಇಲ್ಲದ್ದಾದರೆ ಹೇಗೆ ಕೊಟ್ಟರೂ ನಡೆಯುತ್ತದೆ. ನನ್ನದು ಡಯೋಡ್ ಇಲ್ಲದ್ದು. ಕಾಯಿಲಿನ ರೋಧ ಅಳೆದರೆ 85 ಓಮ್, ಅಂದರೆ ಹಳೆಯ ವಯರ್ ಮತ್ತು ಗುಂಡಿಯ ಮೂಲಕ ಇನ್ನು ಹರಿಯುವುದು 0.14 ಆಂಪಿಯರ್ ಮಾತ್ರ.

ಹಂತ 5: ಜೋಡಣೆ

ಬ್ಯಾಟರಿಯ ಮೈನಸ್ ಕ್ಲ್ಯಾಂಪ್ ಬಿಚ್ಚಿ ಪಕ್ಕಕ್ಕೆ ಕಟ್ಟಿದ ಮೇಲೆಯೇ ಉಳಿದ ಕೆಲಸ.

ಹಾರ್ನಿಗೆ ಬರುತ್ತಿದ್ದ ಹಳೆಯ ಪ್ಲಸ್ ವಯರ್ 86ಕ್ಕೆ. ಗುಂಡಿಯಿಂದ ಬರುತ್ತಿದ್ದ ಹಳೆಯ ವಯರ್ 85ಕ್ಕೆ. ಇವೆರಡಕ್ಕೂ ತೆಳು ವಯರ್ ಸಾಕು. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಹಾದು 30ಕ್ಕೆ ದಪ್ಪ ವಯರ್. 87ರಿಂದ ಹಾರ್ನಿನ ಪ್ಲಸ್‌ಗೆ ದಪ್ಪ ವಯರ್. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ದೂರವಿಟ್ಟರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವಯರ್ ಎಲ್ಲಿಯಾದರೂ ಬಾಡಿಗೆ ಉಜ್ಜಿ ತಾಗಿದಾಗ ಕಾಯುವವರಿಲ್ಲ. ಹಳೆಯ ಕನೆಕ್ಟರನ್ನು ಕತ್ತರಿಸಲಿಲ್ಲ. ಅದರೊಳಗೆ ಹೋಗುವ ಲಗ್ ಹಾಕಿ ಜೋಡಿಸಿದ್ದರಿಂದ ನಾಳೆ ರಿಲೇ ಬೇಡವೆನಿಸಿದರೆ ಮೊದಲಿನಂತೆ ಮಾಡಬಹುದು.

ಉಳಿದದ್ದು 87ಎ ಎಂಬ ಐದನೆಯ ಕಾಲು. ಅದಕ್ಕೆ ಏನನ್ನೂ ಕೊಡಬಾರದು. ಇಲ್ಲೊಂದು ತಮಾಷೆ ನಡೆಯಿತು. ಕಿಟ್ಟಿನ ಬೇಸಿನಲ್ಲಿದ್ದ ಬಣ್ಣಗಳನ್ನು ನೆನಪಿಟ್ಟುಕೊಂಡು ಭಾವ ಹೊಸ ಬೇಸಿಗೂ ಅದೇ ಬಣ್ಣದ ಪ್ರಕಾರ ವಯರ್ ಸೇರಿಸಿದ. ಬ್ಯಾಟರಿಯ ಕ್ಲ್ಯಾಂಪ್ ತಾಗಿಸಿದ ಕೂಡಲೇ ಹಾರ್ನ್ ತಾನಾಗಿ ಕಿರುಚತೊಡಗಿತು. ಗಾಬರಿಯಿಂದ ಗುಂಡಿ ಒತ್ತಿದರೆ ನಿಂತಿತು, ಬಿಟ್ಟರೆ ಮತ್ತೆ ಶುರು.

“ಇನ್ನು ತಿರುವು ಬಂದಾಗ ಒತ್ತಿ ನಿಲ್ಲಿಸಿದರಾಯಿತು ಭಾವಾ, ಹೊಸ ನಮೂನೆ” ಎಂದು ಅವನೇ ನಗಾಡಿದ.

87ಕ್ಕೆ ಹೋಗಬೇಕಾದದ್ದು 87ಎಗೆ ಹೋಗಿತ್ತು. ಬೇಸಿನ ವಯರ್ ಬಣ್ಣಕ್ಕೆ ಯಾವ ನಿಯಮವೂ ಇಲ್ಲ, ಒಬ್ಬೊಬ್ಬರದು ಒಂದೊಂದು. ರಿಲೇಯ ಅಡಿಯಲ್ಲಿ ಕೊರೆದಿರುವ ಅಂಕಿಯನ್ನೇ ಓದಬೇಕು, ಬೆಳಕು ಸಾಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಯಾದರೂ.

ಲಗ್ಗುಗಳ ಬಗ್ಗೆ ಒಂದು ಮಾತು. ಸಾಮಾನ್ಯ ಇಕ್ಕಳದಿಂದ ಒತ್ತಿದ ಲಗ್ ಕೈಯಲ್ಲಿ ಎಳೆದರೆ ಕಳಚಿ ಬಂತು. ಪಂಪ್‌ಸೆಟ್ ರಿಪೇರಿಯವರಿಂದ ಕ್ರಿಂಪಿಂಗ್ ಇಕ್ಕಳ ಎರವಲು ತಂದು ಎಲ್ಲವನ್ನೂ ಹೊಸದಾಗಿ ಒತ್ತಿದೆವು. ಒತ್ತಿದ ಪ್ರತಿಯೊಂದನ್ನೂ ಎಳೆದು ನೋಡಿಯೇ ಸ್ಲೀವ್ ಹಾಕಬೇಕು.

ಹಂತ 6: ಅರ್ತ್, ಮರೆತುಹೋಗುವ ಅರ್ಧ

ರಿಲೇ ಹಾಕಿದ ಮೇಲೆ ಪ್ಲಸ್ ಬದಿಯ ಸೋರಿಕೆ 0.2ಕ್ಕೆ ಇಳಿದಿತ್ತು. ಆದರೂ ಹಾರ್ನಿಗೆ ಸಿಗುತ್ತಿದ್ದದ್ದು 11.1. ಉಳಿದ 1.1 ವೋಲ್ಟ್ ಹೋಗುತ್ತಿದ್ದದ್ದು ಮೈನಸ್ ಬದಿಯಲ್ಲಿ. ಹಾರ್ನಿನ ಮೈನಸನ್ನು ಅದು ಕುಳಿತಿದ್ದ ಪಟ್ಟಿಯ ಬೋಲ್ಟಿಗೇ ಕಟ್ಟಿದ್ದೆವು. ನೋಡಲು ಬೋಲ್ಟ್ ಚೆನ್ನಾಗಿತ್ತು. ಬಿಚ್ಚಿದರೆ ವಾಷರಿನ ಕೆಳಗೆ ಬಣ್ಣ, ಬಣ್ಣದ ಕೆಳಗೆ ತುಕ್ಕು.

ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದಾಗ ಸೋರಿಕೆ 0.5ಕ್ಕೆ ಬಂತು. ಹಾರ್ನಿಗೆ 11.7. ಇಲ್ಲಿಗೆ ಬಿಡಬಹುದಿತ್ತು. ಆದರೆ ರೇಡಿಯೇಟರ್ ಹೊತ್ತಿರುವ ಆ ಅಡ್ಡಪಟ್ಟಿಯೇ ಬಾಡಿಗೆ ಸೇರುವ ಕಡೆ ತುಕ್ಕು ಹಿಡಿದಿರುವಾಗ ಒಂದು ಬೋಲ್ಟ್ ಉಜ್ಜಿ ಪ್ರಯೋಜನವೇನು? ಇನ್ನೊಂದು ಮಳೆಗಾಲಕ್ಕೆ ಅದು ಮತ್ತೆ ಮೊದಲಿನಂತಾಗುತ್ತದೆ. ಉಳಿದಿದ್ದ ದಪ್ಪ ವಯರನ್ನು ಹಾರ್ನಿನ ಮೈನಸ್‌ನಿಂದ ನೇರ ಬ್ಯಾಟರಿಯ ಮೈನಸ್‌ಗೆ ಎಳೆದೆವು. ಸೋರಿಕೆ 0.1, ಹಾರ್ನಿಗೆ 12.1.

9.2ರಿಂದ 12.1ಕ್ಕೆ ಬಂದದ್ದರಲ್ಲಿ ರಿಲೇಯ ಪಾಲು 1.9 ವೋಲ್ಟ್, ಮೈನಸ್ ಬದಿಯನ್ನು ಹೀಗೆ ಸರಿಪಡಿಸಿದ್ದರ ಪಾಲು 1 ವೋಲ್ಟ್, ಅಂದರೆ ಸುಮಾರು ಮೂರರಲ್ಲೊಂದು. ರಿಲೇ ಹಾಕಿಸಿಯೂ ಹಾರ್ನ್ ಹಾಗೆಯೇ ಇದೆ ಎನ್ನುವವರು ಮೊದಲು ನೋಡಬೇಕಾದ ಜಾಗ ಇದು.

ಹಂತ 7: ಎರಡನೆಯ ಹಾರ್ನ್

ಹಳೆಯ ಹಾರ್ನ್ ಎತ್ತರದ ಸ್ವರದ್ದು. ಬರೆಯ ತಿರುವಿನಲ್ಲಿ ತಗ್ಗಿನ ಸ್ವರವೂ ಜೊತೆಗಿದ್ದರೆ ಒಳ್ಳೆಯದೆನಿಸಿ, ಬಸವನಹುಳದ ಆಕಾರದ ಒಂದು ತಗ್ಗುಸ್ವರದ ಹಾರ್ನ್ ತಂದೆ, 380 ರೂಪಾಯಿ. ಅದು ಎಳೆಯುವುದು 4.6 ಆಂಪಿಯರ್. ಎರಡೂ ಸೇರಿ 8.4. 15ರ ಫ್ಯೂಸಿಗೂ 2.5ರ ವಯರಿಗೂ ಇದು ಹೊರೆಯಲ್ಲ. ಹಳೆಯ ವಯರಿಂಗಿನಲ್ಲಿ ಇದನ್ನು ಹಾಕಿದ್ದರೆ ಎರಡೂ ಸೇರಿ ನರಳುತ್ತಿದ್ದವು.

ಎರಡೂ ಕೂಗುವಾಗ ಬ್ಯಾಟರಿಯಲ್ಲಿ 12.3, ಹಾರ್ನಿನಲ್ಲಿ 11.8. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14.1, ಹಾರ್ನಿನಲ್ಲಿ 13.6.

ಇದಕ್ಕಿಂತ ಮುಂದೆ ಹೋಗುವ ಆಸೆಯುಳ್ಳವರಿಗೆ ಒಂದು ಎಚ್ಚರಿಕೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 119ನೆಯದು ಒಂದರ ಹಿಂದೊಂದು ಸ್ವರ ಬರುವ ಹಾರ್ನನ್ನೂ ಕರ್ಕಶವಾಗಿ ಬೆಚ್ಚಿಬೀಳಿಸುವ ಹಾರ್ನನ್ನೂ ನಿಷೇಧಿಸುತ್ತದೆ. ಎರಡು ಸ್ವರ ಒಟ್ಟಿಗೇ ಹೊರಡುವ ಜೋಡಿಗೆ ತೊಂದರೆಯಿಲ್ಲ. ಅಗತ್ಯವಿಲ್ಲದೆ ಒತ್ತಿದರೆ ಮೋಟಾರು ವಾಹನ ಕಾಯ್ದೆಯ 194ಎಫ್ ಕಲಮಿನಡಿ ಮೊದಲ ಸಲಕ್ಕೆ 1,000, ಮುಂದಿನದಕ್ಕೆ 2,000 ರೂಪಾಯಿ ದಂಡವಿದೆ. ಏರ್ ಹಾರ್ನ್ ಹಾಕಿದ ಬಸ್ಸುಗಳ ಹಿಂದೆ ಸಿಕ್ಕಿ ಕಿವಿ ಮುಚ್ಚಿಕೊಂಡವರಿಗೆ ಈ ಕಲಮು ಸಣ್ಣದೆನಿಸಿದರೆ ಅಚ್ಚರಿಯಿಲ್ಲ.

ಹಂತ 8: ತಿರುವಿನಲ್ಲೇ ಮೌನ

ಕೆಲಸ ಮುಗಿಯಿತೆಂದು ಸ್ವರ್ಗದ ಕಡೆ ಹೊರಟಾಗ ನಿಜವಾದ ಸಮಸ್ಯೆ ಹೊರಬಂತು. ನೇರ ದಾರಿಯಲ್ಲಿ ಹಾರ್ನ್ ಭರ್ಜರಿಯಾಗಿ ಕೂಗಿತು. ಎಡಕ್ಕೆ ಪೂರ್ತಿ ತಿರುಗಿಸುವ ತಿರುವಿನಲ್ಲಿ ಗುಂಡಿ ಒತ್ತಿದರೆ ಏನೂ ಇಲ್ಲ. ಹಾರ್ನ್ ಬೇಕಾಗುವುದೇ ಸ್ಟಿಯರಿಂಗ್ ತಿರುಗಿರುವ ಹೊತ್ತಿನಲ್ಲಿ!

ಮನೆಗೆ ಬಂದು ಬಾನೆಟ್ ಎತ್ತಿ ಕಿವಿಗೊಟ್ಟರೆ, ಸ್ಟಿಯರಿಂಗ್ ನೇರವಿದ್ದಾಗ ರಿಲೇಯ ಟಕ್ ಸದ್ದು ಬರುತ್ತದೆ, ಎಡಕ್ಕೆ ತಿರುಗಿಸಿದಾಗ ಬರುವುದಿಲ್ಲ. ಗುಂಡಿಯ ವಯರನ್ನು ಬಾಡಿಗೆ ಹೋಲಿಸಿ ಅಳೆದರೆ ನೇರವಿದ್ದಾಗ 0.4 ಓಮ್, ಎಡಕ್ಕೆ ತಿರುಗಿದಾಗ ಸಂಪರ್ಕವೇ ಇಲ್ಲ. ದೋಷ ರಿಲೇಯದಲ್ಲ. ಸ್ಟಿಯರಿಂಗ್ ಚಕ್ರದ ಹಿಂದೆ ಒಂದು ಲೋಹದ ಬಳೆ, ಅದರ ಮೇಲೆ ಜಾರುವ ಹಿತ್ತಾಳೆಯ ನಾಲಿಗೆ ಇರುತ್ತದೆ. ಬಳೆಯ ಒಂದು ಭಾಗಕ್ಕೆ ಒಣಗಿದ ಗ್ರೀಸ್ ಮತ್ತು ಮಣ್ಣು ಕಚ್ಚಿತ್ತು.

“ಡ್ಯಾಶ್‌ಬೋರ್ಡಿನಲ್ಲಿ ಬೇರೆ ಗುಂಡಿ ಕೂರಿಸಿದರೆ ಹತ್ತು ನಿಮಿಷದ ಕೆಲಸ” ಎಂದ ಭಾವ. ತಿರುವಿನಲ್ಲಿ ಒಂದು ಕೈ ಬಿಟ್ಟು ಗುಂಡಿ ಹುಡುಕುವ ಏರ್ಪಾಡು ನನಗೆ ಒಪ್ಪಿಗೆಯಾಗಲಿಲ್ಲ.

ಬ್ಯಾಟರಿಯ ಮೈನಸ್ ಬಿಚ್ಚಿ, ಚಕ್ರಗಳನ್ನು ನೇರ ಮಾಡಿ, ಹಾರ್ನ್ ಪ್ಯಾಡ್ ಎಬ್ಬಿಸಿ, ಸ್ಟಿಯರಿಂಗ್ ಚಕ್ರಕ್ಕೂ ದಂಡಕ್ಕೂ ಸೇರಿಸಿ ಪೇಂಟಿನ ಗೆರೆ ಎಳೆದುಕೊಂಡೆ. ಮತ್ತೆ ಕೂರಿಸುವಾಗ ಓರೆಯಾಗಬಾರದು. ನಟ್ಟನ್ನು ಸಡಿಲಿಸಬೇಕು, ಆದರೆ ಕೆಲವು ಸುತ್ತು ಉಳಿಸಿ ಚಕ್ರವನ್ನು ಎಳೆಯಬೇಕು. ಪೂರ್ತಿ ತೆಗೆದು ಎಳೆದರೆ ಚಕ್ರ ಕಳಚಿದ ರಭಸಕ್ಕೆ ಮೂಗಿಗೆ ಬಡಿಯುತ್ತದೆ. ಬಳೆಯನ್ನು 400 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ನಾಲಿಗೆಯನ್ನು ಕೊಂಚ ಮೇಲಕ್ಕೆ ಬಾಗಿಸಿ, ತೆಳ್ಳಗೆ ಗ್ರೀಸ್ ಸವರಿ ಮುಚ್ಚಿದ್ದಾಯಿತು. ನಟ್ಟಿನ ಬಿಗಿತವನ್ನು ಮಾತ್ರ ಪೇಟೆಯ ಮೆಕ್ಯಾನಿಕ್‌ಗೆ ತೋರಿಸಿ ಖಚಿತ ಮಾಡಿಕೊಂಡೆ, ಅಲ್ಲಿ ಜಂಬ ಸಲ್ಲದು. ಏರ್‌ಬ್ಯಾಗ್ ಇರುವ ಕಾರಿನವರು ಈ ಹಂತವನ್ನು ಮನೆಯಲ್ಲಿ ಮಾಡಲೇಬಾರದು.

ಇದರ ಖರ್ಚು ಉಪ್ಪುಕಾಗದದ್ದು ಮಾತ್ರ. ಕಿಟ್ಟಿನ ನಷ್ಟ ಮತ್ತು ಮೀಟರಿನ ಬೆಲೆ ಬಿಟ್ಟರೆ ಈವರೆಗಿನ ಮೊತ್ತ 1,040 ರೂಪಾಯಿ ಮತ್ತು ಚಿಲ್ಲರೆ.

ಹಂತ 9: ಮಳೆ

ರಿಲೇಯನ್ನು ಕಾಲುಗಳು ಕೆಳಮುಖವಾಗಿರುವಂತೆ, ಬ್ಯಾಟರಿಯ ಪಕ್ಕದ ಒಳಗೋಡೆಗೆ ಬಿಗಿದಿದ್ದೇನೆ. ವಯರುಗಳು ಅದರೊಳಗೆ ಹೋಗುವ ಮೊದಲು ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಟ್ಟಿದ್ದರಿಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಲಗ್ಗುಗಳಿಗೆಲ್ಲ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಸುರುಳಿ ಪೈಪ್ ಹಾಕಿದ್ದು ಬಿಸಿಗಿಂತ ಹೆಚ್ಚಾಗಿ ಇಲಿಗಳಿಗೆ ಹೆದರಿ. ಅಡಿಕೆ ಶೆಡ್ಡಿನ ಇಲಿಗೆ ಹೊಸ ವಯರೆಂದರೆ ಪ್ರೀತಿ.

ಹೊಸ ಹಾರ್ನಿನ ಬಾಯಿ ಮೊದಲು ಓರೆಯಾಗಿ ಮೇಲಕ್ಕಿತ್ತು, ಜಾಗ ಹಾಗೆಯೇ ಸಿಕ್ಕಿದ್ದರಿಂದ. ಮೊದಲ ಜೋರು ಮಳೆಗೆ ಒಳಗೆ ನೀರು ನಿಂತು ಗದ್ದೆಯ ಕಪ್ಪೆಯಂತೆ ವಟಗುಟ್ಟಿತು. ಪಟ್ಟಿಯನ್ನು ಬಾಗಿಸಿ ಬಾಯಿ ಕೆಳಗೆ ಮಾಡಿದ ಮೇಲೆ ಸರಿಹೋಯಿತು.

ಬಾಕಿ ಇರುವುದು ಫ್ಯೂಸ್ ಹೋಲ್ಡರ್. 50 ರೂಪಾಯಿಯದ್ದರ ಮುಚ್ಚಳ ಬಿಗಿಯಿಲ್ಲ. ಮೊನ್ನೆ ತೆರೆದರೆ ಫ್ಯೂಸಿನ ಒಂದು ಕಾಲಿಗೆ ಹಸಿರು ಕಿಲುಬು ಶುರುವಾಗಿತ್ತು. ರಬ್ಬರ್ ಮುಚ್ಚಳದ್ದು 90 ರೂಪಾಯಿಗೆ ಸಿಗುತ್ತದೆ, ಮುಂದಿನ ಸಲ ಪೇಟೆಗೆ ಹೋದಾಗ ತಂದು ಬದಲಿಸುತ್ತೇನೆ.

ಮುಂದಿನ ಸರದಿ ಭಾವನ ಜೀಪಿನದು. ಅದರ ಹಾರ್ನಿಗೆ ಒಂದೇ ವಯರ್. ಮೈನಸ್ ಹಾರ್ನಿನ ಮೈಯಿಂದಲೇ ಬಾಡಿಗೆ ಹೋಗುತ್ತದೆ, ಗುಂಡಿ ಕೊಡುವುದು ಪ್ಲಸ್. ಅಲ್ಲಿ ಆ ಒಂದು ವಯರ್ 86ಕ್ಕೆ ಬರಬೇಕು, 85 ಬಾಡಿಗೆ. 30 ಮತ್ತು 87 ಇಲ್ಲಿನಂತೆಯೇ. ಬೇಸಿಗೆ ವಯರ್ ಸೇರಿಸುವ ಕೆಲಸವನ್ನು ಈ ಸಲ ನಾನೇ ಮಾಡುವುದೆಂದು ತೀರ್ಮಾನವಾಗಿದೆ.